ಚೌಕ ಬರೆದ ಕೈ

ಸುಳ್ಳು ಹೇಳುವುದರಲ್ಲಿ ವಿನೋದಿನಿಯ ಮನೆತನದವರದು ಎತ್ತಿದ ಕೈ. ಮೋಸದ ಸುಳ್ಳಲ್ಲ, ಪ್ರೀತಿಯ ಸುಳ್ಳು. ಮೈಸೂರಿನಲ್ಲಿ ಅವಳ ತಂದೆಗೆ ಬೈಪಾಸ್ ಆಪರೇಷನ್ ಆದ ಸುದ್ದಿ ಅವಳಿಗೆ ಮುಟ್ಟಿದ್ದು ಹನ್ನೊಂದು ದಿನದ ಮೇಲೆ, ಅವರು ಮನೆಗೆ ಬಂದು ಸಾರು ಅನ್ನ ಉಂಡ ನಂತರ. "ಅಷ್ಟು ದೂರ ಇದ್ದೀಯ, ಸುಮ್ನೆ ಗಾಬರಿ ಆಗ್ತೀಯ ಅಂತ ಹೇಳ್ಲಿಲ್ಲ ಕಣೆ" ಎಂದಿದ್ದರು ಅಮ್ಮ. ವಿನೋದಿನಿ ಒಂದು ವಾರ ಅಮ್ಮನ ಹತ್ತಿರ ಮಾತು ಬಿಟ್ಟಳು. ಮರುವರ್ಷ ತನಗೇ ಆಸ್ತಮಾ ಜೋರಾಗಿ ಆಸ್ಪತ್ರೆ ಸೇರಿದಾಗ, ಹಾಸಿಗೆಯಿಂದಲೇ ಊರಿಗೆ ಫೋನ್ ಮಾಡಿ "ಇಲ್ಲಿ ಸ್ನೋ ಬಿದ್ದಿದೆ ಅಮ್ಮ, ನೋಡೋಕೆ ಎಷ್ಟು ಚೆನ್ನಾಗಿದೆ ಗೊತ್ತಾ" ಎಂದು ವರ್ಣಿಸಿದವಳೂ ಅವಳೇ. ಹೇಳಿಕೊಟ್ಟವರಿಗಿಂತ ಕಲಿತವರು ಒಂದು ಕೈ ಮೇಲು.

ಹೀಗಾಗಿ ೨೦೨೧ರ ಜನವರಿಯಲ್ಲಿ ಗಂಡ ಹೇಮಚಂದ್ರ ವಾಟ್ಸಾಪಿನಲ್ಲಿ "ಆಲ್ ಗ್ರ್ಯಾಂಡ್", ಎಲ್ಲ ಚೆನ್ನಾಗಿದೆ, ಎಂದು ಬರೆದರೆ ಅವಳು ಅದನ್ನು ಕಾಲುಭಾಗ ಕೂಡ ನಂಬುತ್ತಿರಲಿಲ್ಲ. ಅವಳು ನಂಬುತ್ತಿದ್ದದ್ದು ಪಾಂಡಾ ಆಟವನ್ನು.

ಹೇಮಚಂದ್ರ ಆ ದೂರದೇಶದಲ್ಲಿ ಗಾಲ್ವೇ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಮನೆ ಅತ್ಲೋನಿನಲ್ಲಿ, ಕಾರಿನಲ್ಲಿ ಒಂದು ಗಂಟೆಯ ದಾರಿ. ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಕೋವಿಡ್ ರೋಗಿಗಳು ವಾರ್ಡಿನಲ್ಲಿ ಜಾಗವಿಲ್ಲದಷ್ಟು ತುಂಬಿಕೊಂಡರು. ಹೆಂಡತಿಯ ಎದೆ ಹೇಗಿದೆಯೆಂದು ಅವನಿಗೆ ಗೊತ್ತಿತ್ತು. ಎರಡು ಸೂಟ್‌ಕೇಸು ತುಂಬಿಕೊಂಡು ಹೋಗಿ ಆಸ್ಪತ್ರೆಯ ಪಕ್ಕದಲ್ಲೇ ಒಂದು ರೂಮು ಹಿಡಿದ. ಹೋಗುವಾಗ ಬಾಗಿಲಲ್ಲಿ ಎರಡು ಮೀಟರ್ ದೂರ ನಿಂತು ಕೈ ಬೀಸಿದ. ಆಮೇಲೆ ಸರ್ಕಾರ ಎಲ್ಲರ ಮನೆಯ ಸುತ್ತ ಐದು ಕಿಲೋಮೀಟರಿನ ಗೆರೆ ಎಳೆಯಿತು. ಅದನ್ನು ದಾಟಿದರೆ ರಸ್ತೆಯಲ್ಲಿ ಪೊಲೀಸರು. ವಿನೋದಿನಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಔಷಧ ಕಂಪನಿಯ ಕೆಲಸ ಮಾಡುತ್ತ, ಕಿಟಕಿಯಿಂದ ಎದುರು ಮನೆಯ ಕಸದ ಡಬ್ಬಿಗಳನ್ನು ನೋಡುತ್ತ ದಿನ ತಳ್ಳತೊಡಗಿದಳು.

ಪಾಂಡಾ ಆಟ ಮಗಳ ಮೂಲಕ ಮನೆಗೆ ಬಂದದ್ದು. ಹದಿನೈದರ ಪ್ರೇರಣಾ ಆ ವರ್ಷ ಸ್ಕೂಲಿನಲ್ಲಿ ಚೈನೀಸ್ ತೆಗೆದುಕೊಂಡಿದ್ದಳು. ಸ್ಕೂಲು ಮುಚ್ಚಿದಾಗ ಟೀಚರು ಈ ಆನ್‌ಲೈನ್ ಆಟ ಹೇಳಿಕೊಟ್ಟರು. ಯಾರೋ ಒಂದು ಪದ ಕೂಗುತ್ತಾರೆ. ಆಡುವವರು ಅದರ ಅಕ್ಷರವನ್ನು ಬೆರಳಿನಿಂದ ತೆರೆಯ ಮೇಲೆ ಬರೆಯಬೇಕು. ಗೆರೆಗಳ ಕ್ರಮ ತಪ್ಪುವ ಹಾಗಿಲ್ಲ. ಸರಿ ಬರೆದವರ ಪಾಂಡಾ ಬೆಟ್ಟ ಹತ್ತುತ್ತದೆ, ಬೇಗ ಬರೆದಷ್ಟೂ ಮೇಲೆ; ತಪ್ಪಿದವರದು ಉರುಳಿ ಕೆಳಗೆ ಬೀಳುತ್ತದೆ. ಒಬ್ಬರು ಬರೆಯುವುದು ಉಳಿದವರ ತೆರೆಯ ಮೂಲೆಯಲ್ಲಿ ಒಂದೊಂದೇ ಗೆರೆಯಾಗಿ ಕಾಣುತ್ತಿರುತ್ತದೆ. ಗಾಲ್ವೇಯಲ್ಲಿ ಒಂಟಿಯಾಗಿದ್ದ ಹೇಮಚಂದ್ರ "ನಾನೂ ಬರ್ತೀನಿ" ಎಂದು ಸೇರಿದ. ಅವನು ಸೇರಿದನೆಂದು ವಿನೋದಿನಿಯೂ ಸೇರಿದಳು. ಟೀವಿಯಲ್ಲಿ ಸಂಜೆ ಆರರ ಪ್ರಾರ್ಥನೆಯ ಗಂಟೆ ಬಡಿದು, ಇವತ್ತು ಸತ್ತವರೆಷ್ಟು ಎಂದು ವಾರ್ತೆಯವರು ಬಾಯಿ ತೆರೆಯುವ ಮೊದಲೇ ಅವಳು ಟೀವಿ ಆರಿಸಿ ಆಟ ತೆರೆಯುತ್ತಿದ್ದಳು. ಹತ್ತು ನಿಮಿಷ, ಅಷ್ಟೇ. ಆ ಹತ್ತು ನಿಮಿಷ ಗಂಡ ಬದುಕಿದ್ದಾನೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಅವನಷ್ಟು ಕೆಟ್ಟದಾಗಿ ಆಡುವವರು ಚೀನಾ ದೇಶ ಹುಡುಕಿದರೂ ಸಿಗಲಿಕ್ಕಿಲ್ಲ. ಬಾಯಿ ಎಂಬುದಕ್ಕೆ ಚೈನೀಸಿನಲ್ಲಿ ಒಂದು ಖಾಲಿ ಚೌಕ. ಮೂರು ಗೆರೆ: ಮೊದಲು ಎಡಗಡೆಯದು, ಆಮೇಲೆ ಮೇಲಿನಿಂದ ಬಲಕ್ಕೆ ತಿರುಗಿ ಇಳಿಯುವುದು, ಕೊನೆಗೆ ಕೆಳಗೆ ಮುಚ್ಚುವುದು. ಹೇಮಚಂದ್ರ ಮಾತ್ರ ಬೆರಳೆತ್ತದೆ ಸೊನ್ನೆ ಸುತ್ತಿದಂತೆ ಒಂದೇ ಸುತ್ತಿಗೆ ಮುಗಿಸಿಬಿಡುತ್ತಿದ್ದ. ಪಾಂಡಾ ಉರುಳುತ್ತಿತ್ತು. "ಕನ್ನಡ ಬರೆದ ಕೈ ಕಣೇ ಇದು, ಮೂಲೆ ಅಂದ್ರೆ ಗೊತ್ತಿಲ್ಲ ಇದಕ್ಕೆ" ಎನ್ನುತ್ತಿದ್ದ ಫೋನಿನಲ್ಲಿ. ದೇಶ ಎಂಬ ಅಕ್ಷರ ಬಂದರೆ ಇನ್ನೂ ಫಜೀತಿ. ಹೊರಗಿನ ಚೌಕದ ಮೂರು ಪಕ್ಕ ಬರೆದು, ಒಳಗಿನದೆಲ್ಲ ತುಂಬಿ, ಕೊನೆಗೆ ಕೆಳಗೆ ಮುಚ್ಚಬೇಕು. ಅವನು ಮೊದಲೇ ಮುಚ್ಚಿಬಿಡುತ್ತಿದ್ದ. "ಅಪ್ಪಾ, ಡೋರ್ ಲಾಕ್ ಮಾಡಿ ಆಮೇಲೆ ಫರ್ನಿಚರ್ ಒಳಗಿಡ್ತೀಯ ನೀನು" ಎಂದು ಪ್ರೇರಣಾ ಬಿದ್ದು ಬಿದ್ದು ನಗುತ್ತಿದ್ದಳು.

ಭಾನುವಾರ ಫೋನಿನಲ್ಲಿ ಅವನು ಎರಡು ಸಲ ಕೆಮ್ಮಿದ. ವಿನೋದಿನಿ ಎಣಿಸಿದ್ದಳು. "ಚಳಿ ಕಣೆ, ಹೀಟಿಂಗ್ ಸರಿಯಿಲ್ಲ" ಎಂದ. ಸೋಮವಾರ ಫೋನ್ ಬರಲಿಲ್ಲ, ಆಟಕ್ಕೂ ಬರಲಿಲ್ಲ. "ಡಬಲ್ ಡ್ಯೂಟಿ, ಗಂಟಲು ಕೂತಿದೆ, ಮಾತಾಡಲ್ಲ" ಎಂದು ಮೆಸೇಜು ಬಂತು. ಮಂಗಳವಾರ ಆರು ಗಂಟೆಗೆ ಅವನ ಪಾಂಡಾ ಬೆಟ್ಟದ ಬುಡದಲ್ಲಿ ಬಂದು ನಿಂತಿತು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿದ್ದುದರಿಂದ ಅವಳು ಆಟವನ್ನು ಅರ್ಧಂಬರ್ಧ ನೋಡಿದಳು, ಸೋತದ್ದು ಅವನೇ ಎಂದು ತಿಳಿದು ಸಮಾಧಾನಪಟ್ಟಳು. ಸೋತನಲ್ಲ, ಹಾಗಾದರೆ ಅವನೇ.

ಬುಧವಾರ ಕುಕ್ಕರ್ ಇರಲಿಲ್ಲ. ತಾಯಿ ಮಗಳು ಸೋಫಾದ ಮೇಲೆ ಒಬ್ಬರ ಪಕ್ಕ ಒಬ್ಬರು ಕೂತು ಆಟ ತೆರೆದರು. ಮೂರನೆಯ ಪದ ಬಾಯಿ. ಪ್ರೇರಣಾ ಬರೆದು ಮುಗಿಸಿದಳು, ವಿನೋದಿನಿಯೂ ಮುಗಿಸಿದಳು. ಮೂಲೆಯಲ್ಲಿ ಹೇಮಚಂದ್ರನ ಚೌಕ ಇನ್ನೂ ಖಾಲಿ. ಅವಳು ಸೊನ್ನೆಗೆ ಕಾಯುತ್ತ ಕೂತಳು. ಸಮಯ ಮುಗಿಯಲು ಇನ್ನೇನು ಎರಡು ಸೆಕೆಂಡ್ ಇದೆ ಎನ್ನುವಾಗ ಎಡಗಡೆ ಒಂದು ಗೆರೆ ಇಳಿಯಿತು. ಮೇಲಿನಿಂದ ಒಂದು ಗೆರೆ ಬಂದು, ಮೂಲೆಯಲ್ಲಿ ಚೂಪಾಗಿ ತಿರುಗಿ, ತುಸು ಒಳಕ್ಕೆ ವಾಲಿ ಇಳಿಯಿತು. ಕೆಳಗಿನದು ಮುಚ್ಚಿತು. ಅಳತೆ ಹಿಡಿದು ಬರೆದಂಥ ಚೌಕ.

ವಿನೋದಿನಿ ಫೋನನ್ನು ಕಣ್ಣಿನ ಹತ್ತಿರ ತಂದಳು. ಕಲಿತಿರಬಹುದು, ಒಂದಲ್ಲ ಒಂದು ದಿನ ಕಲಿಯಲೇಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮುಂದಿನ ಪದ ಬಂತು, ಅದರ ಮುಂದಿನದು ಬಂತು. ಎಲ್ಲಕ್ಕೂ ಅದೇ ರೀತಿ: ಇಬ್ಬರೂ ಮುಗಿಸುವವರೆಗೆ ಕಾಯುವುದು, ಬೇಕೆಂದೇ ಕೊನೆಯವನಾಗುವುದು, ಆಮೇಲೆ ಚಕಚಕನೆ ಚೊಕ್ಕ ಗೆರೆಗಳು. ಎಂಟನೆಯ ಪದ ದೇಶ. ಮೂರು ಪಕ್ಕ ಬಂದವು. ಒಳಗಿನದೆಲ್ಲ ತುಂಬಿತು. ಕಟ್ಟಕಡೆಗೆ ಕೆಳಗಿನ ಗೆರೆ ಮೆಲ್ಲಗೆ ಬಂದು ಮುಚ್ಚಿಕೊಂಡಿತು.

ಇದು ಅವನ ಕೈ ಅಲ್ಲ. ಮೂರು ವರ್ಷದ ವಯಸ್ಸಿನಿಂದ ಈ ಅಕ್ಷರ ಬರೆದ ಯಾರದೋ ಕೈ. ಹಾಗಾದರೆ ಅವನ ಫೋನು ಯಾರ ಹತ್ತಿರ ಇದೆ? ಅವನೆಲ್ಲಿದ್ದಾನೆ? ಪಕ್ಕದಲ್ಲಿ ಮಗಳಿದ್ದಾಳೆ, ಮುಖದಲ್ಲಿ ಏನೂ ತೋರಿಸಬಾರದು ಎಂದು ವಿನೋದಿನಿ ತುಟಿ ಕಚ್ಚಿಕೊಂಡಳು. ಪ್ರೇರಣಾ ಇವತ್ತು ಅಪ್ಪನನ್ನು ರೇಗಿಸಲೂ ಇಲ್ಲ, ನಗಲೂ ಇಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ತಾಯಿ ಇರಲಿಲ್ಲ.

"ಆಫೀಸ್ ಕಾಲ್ ಒಂದಿದೆ ಪುಟ್ಟಿ, ನೆಟ್‌ವರ್ಕ್ ಸರಿಯಿಲ್ಲ, ಕಾರಲ್ಲಿ ಕೂತು ಮಾತಾಡಿ ಬರ್ತೀನಿ" ಎಂದು ಎದ್ದಳು.

ಮನೆಯ ಮುಂದೆ ನಿಂತಿದ್ದ ಕಾರಿನ ಗಾಜಿನ ಮೇಲೆ ಆಗಲೇ ಹಿಮ ಕಟ್ಟತೊಡಗಿತ್ತು. ಒಳಗೆ ಕೂತು ಬಾಗಿಲು ಹಾಕಿಕೊಂಡು ಗಂಡನಿಗೆ ಫೋನ್ ಮಾಡಿದಳು. ರಿಂಗಾಯಿತು, ಕಟ್ಟಾಯಿತು. "ಮೀಟಿಂಗಲ್ಲಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಮೆಸೇಜು. ಅವಳು ಕನ್ನಡ ಅಕ್ಷರದಲ್ಲೇ ಬರೆದಳು: "ರೀ, ನಿಮ್ಮ ಅಕ್ಕನ ಮಗಳ ಹೆಸರೇನು? ಮರೆತುಹೋಯಿತು." ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಎತ್ತಿದ ಒಂದು ಚಿತ್ರ ಬಂತು. ಹೇಮಚಂದ್ರನಿಗೆ ಅಕ್ಕನೇ ಇರಲಿಲ್ಲ.

ಉಸಿರು ಎಳೆದರೆ ಎದೆಯಲ್ಲಿ ಸಿಳ್ಳೆ ಹೊಡೆಯತೊಡಗಿತು. ಇನ್ಹೇಲರ್ ಎರಡು ಸಲ ಒತ್ತಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರ್ ಹೇಮಚಂದ್ರ ಡ್ಯೂಟಿಯಲ್ಲಿದ್ದಾರಾ ಎಂದು ಕೇಳಲಿಲ್ಲ. ಹೇಮಚಂದ್ರ ಎಂಬ ಪೇಷೆಂಟ್ ಹೇಗಿದ್ದಾರೆ ಎಂದು ಕೇಳಿದಳು. ಆ ಕಡೆಯ ಹೆಂಗಸು ಅಂಥ ಪೇಷೆಂಟ್ ಇಲ್ಲ ಎನ್ನಲಿಲ್ಲ. ಅಷ್ಟರಲ್ಲೇ ವಿನೋದಿನಿಗೆ ಅರ್ಧ ಉತ್ತರ ಸಿಕ್ಕಿತು.

"ನೀವು ಯಾರಮ್ಮ?"

"ಅವರ ಹೆಂಡತಿ."

"ಸಾರಿ. ನಮ್ಮಲ್ಲಿ ಬರೆಸಿರೋ ಹೆಸರಿಗೆ ಮಾತ್ರ ನಾವು ವಿಷಯ ಹೇಳಬಹುದು. ಇಲ್ಲಿ ಬೇರೆ ಹೆಸರಿದೆ. ಒಬ್ಬ ಡಾಕ್ಟರದು."

ಯಾರ ಹೆಸರೆಂದು ಕೇಳುವ ಅಗತ್ಯವಿರಲಿಲ್ಲ. ಶಿವರುದ್ರಪ್ಪ. ಹೇಮಚಂದ್ರನ ಜೊತೆ ದಾವಣಗೆರೆಯಲ್ಲಿ ಓದಿ, ಅವನ ಹಿಂದೆಯೇ ಗಾಲ್ವೇಗೆ ಬಂದು, ಯುಗಾದಿಗೆ ಅತ್ಲೋನಿಗೆ ಬಂದು ಒಂಬತ್ತು ಹೋಳಿಗೆ ತಿಂದು ಹೋಗುವ ಶಿವರುದ್ರಪ್ಪ. ಅವಳು ಅವನ ನಂಬರ್ ಒತ್ತಿದಳು.

"ಹೇಳಮ್ಮ ವಿನೋದಿನಿ! ಹೇಮು ಚೆನ್ನಾಗವ್ನೆ, ಈಗ ತಾನೇ ಕ್ಯಾಂಟೀನಲ್ಲಿ..."

"ಅಣ್ಣ, ಸಾಕು. ಅವರ ಆಟ ಯಾರು ಆಡ್ತಿದ್ದಾರೆ?"

ಶಿವರುದ್ರಪ್ಪ ದೊಡ್ಡ ದನಿಯ ಮನುಷ್ಯ; ಅವನು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. "ಸೋಮವಾರ ಮಧ್ಯಾಹ್ನ ಆಕ್ಸಿಜನ್ ಇಳೀತು ತಂಗಿ. ಮಾಸ್ಕ್ ಹಾಕಿದ್ರು, ನಿಲ್ಲಲಿಲ್ಲ. ಮಂಗಳವಾರ ಬೆಳಿಗ್ಗೆ ಟ್ಯೂಬ್ ಹಾಕಿದ್ರು. ಈಗ ವೆಂಟಿಲೇಟರ್ ಮೇಲೆ ಅವ್ನೆ. ಪ್ರಜ್ಞೆ ಇಲ್ಲ, ಅವರೇ ಮಲಗಿಸಿದ್ದಾರೆ. ಟ್ಯೂಬ್ ಹಾಕೋ ಮುಂಚೆ ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸ್ಕೊಂಡ. 'ವಿನೂಗೆ ಹೇಳ್ಬೇಡ. ಅವಳ ಎದೆ ತಡೆಯಲ್ಲ. ಕಾರ್ ಹತ್ತಿ ಬಂದುಬಿಡ್ತಾಳೆ. ಒಂದು ವಾರ, ಆಟ ಒಂದು ತಪ್ಪಿಸಬೇಡ' ಅಂದ. ನಂಗೆಲ್ಲಿ ಚೈನೀಸ್ ಬರುತ್ತೆ? ಐಸಿಯುನಲ್ಲಿ ಸ್ಯೂ ಲಿನ್ ಅಂತ ಮಲೇಷ್ಯಾದ ಡಾಕ್ಟರ್ ಅವ್ರೆ, ಚೀನಾ ಮೂಲದೋರು. ಅವರ ಬ್ರೇಕ್ ಆರಕ್ಕೆ. ಹೇಮೂನೇ ಫೋನ್ ಅವರ ಕೈಗೆ ಕೊಟ್ಟು ಕೇಳ್ಕೊಂಡ. ಸೋತ್ಕೊಂಡು ಆಡಿ ಅಂತ."

ಕೈಯಲ್ಲೇ ಕತ್ತಿ ಕೊಟ್ಟು ಗಾಯ ಮಾಡಬೇಡಿ ಅಂದ ಹಾಗಾಯಿತು. ಚೈನೀಸ್ ಬಾರದವನ ಪರವಾಗಿ ಆಡಲು ಚೈನೀಸಿನಲ್ಲೇ ಹುಟ್ಟಿ ಬೆಳೆದವರನ್ನು ಹುಡುಕಿದ್ದರು ಈ ಇಬ್ಬರು ಬುದ್ಧಿವಂತ ಡಾಕ್ಟರುಗಳು. ಬೇರೆ ದಿನವಾಗಿದ್ದರೆ ವಿನೋದಿನಿ ನಕ್ಕುಬಿಡುತ್ತಿದ್ದಳು.

"ಅಣ್ಣ, ಒಂದು ಕೇಳ್ತೀನಿ. ಅವರು ಹೋಗಿಬಿಟ್ಟಿದ್ರೆ? ಆಗಲೂ ಪಾಂಡಾ ಓಡಿಸ್ತಾ ಇರ್ತಿದ್ರಾ ನೀವು?"

ಶಿವರುದ್ರಪ್ಪ ಅಳುತ್ತಿದ್ದಾನೆಂದು ಅವಳಿಗೆ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. "ನಂಗೂ ಅದೇ ಹೆದರಿಕೆ ಕಣಮ್ಮ. ಆರು ಗಂಟೆ ಆದ್ರೆ ಸಾಕು, ಅದೇ ಹೆದರಿಕೆ" ಎಂದ.

ಫೋನ್ ಇಟ್ಟ ಮೇಲೆ ಅವಳು ಕಾರಿನ ಕೀಲಿ ತಿರುಗಿಸಿದಳು. ಒಂದು ಗಂಟೆಯ ದಾರಿ. ಪೊಲೀಸರು ತಡೆದರೆ ಕಾಲು ಹಿಡಿಯಬಹುದು. ಆದರೆ ಐಸಿಯು ಬಾಗಿಲಲ್ಲಿ ಯಾರ ಕಾಲು ಹಿಡಿಯುವುದು? ಎದೆ ಹೀಗೆ ಸಿಳ್ಳೆ ಹೊಡೆಯುತ್ತಿರುವಾಗ ಆ ಕಟ್ಟಡದೊಳಗೆ ಕಾಲಿಟ್ಟು, ತನಗೂ ಅಂಟಿಕೊಂಡರೆ ಪ್ರೇರಣಾಗೆ ಯಾರಿದ್ದಾರೆ ಈ ಊರಲ್ಲಿ? ಎಂಜಿನ್ ಆರಿಸಿದಳು. ಅಷ್ಟು ಭಯ ಅವಳಿಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಆಮೇಲೆ ಅವಳು ಮಾಡಿದ್ದು ಅವಳ ತಾಯಿ ಮಾಡುತ್ತಿದ್ದುದನ್ನೇ. ಕಾರಿನ ಕನ್ನಡಿ ತಿರುಗಿಸಿ ಕಣ್ಣೊರೆಸಿಕೊಂಡಳು. ಕೂದಲು ಸರಿ ಮಾಡಿಕೊಂಡಳು. ಮಗು ಇನ್ನೂ ಹದಿನೈದು, ಸುಮ್ಮನೆ ಗಾಬರಿಯಾಗುತ್ತಾಳೆ. ಅಪ್ಪನಿಗೆ ಜ್ವರ, ರೆಸ್ಟ್ ತಗೊಳ್ತಿದ್ದಾರೆ ಎಂದು ಹೇಳಿದರಾಯಿತು. ಒಂದು ವಾರ. ಅಷ್ಟರಲ್ಲಿ ಏನಾದರೊಂದು ಗೊತ್ತಾಗುತ್ತದೆ. ಒಂದೆರಡು ಸಲ ನಕ್ಕು ನೋಡಿಕೊಂಡು ಒಳಗೆ ಹೋದಳು.

ಪ್ರೇರಣಾ ಅಡುಗೆಮನೆಯಲ್ಲಿ ಬೆಳಕು ಹಾಕಿಕೊಂಡು ನಿಂತಿದ್ದಳು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದಳು, ಅನ್ನ ಬಡಿಸಿರಲಿಲ್ಲ.

"ಆಫೀಸಿಂದು ಮುಗೀತಾ?" ಎಂದಳು.

"ಹ್ಞೂಂ, ಮುಗೀತು. ಏನಿಲ್ಲ, ಆಡಿಟ್ ವಿಷಯ..."

"ಅಮ್ಮಾ, ಶಿವು ಅಂಕಲ್ ಏನಂದ್ರು?"

ವಿನೋದಿನಿ ಅಭ್ಯಾಸ ಮಾಡಿಕೊಂಡು ಬಂದ ನಗು ಮುಖದ ಮೇಲೇ ಉಳಿಯಿತು. ಅದನ್ನು ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ.

"ನಂಗೆ ಟ್ಯೂಸ್‌ಡೇನೇ ಗೊತ್ತಾಯ್ತು" ಎಂದಳು ಮಗಳು. "ಅಪ್ಪ ಬಾಕ್ಸ್ ಹಾಗೆ ಬರಿಯಲ್ಲ. ಅಂಕಲ್‌ಗೆ ಮೆಸೇಜ್ ಮಾಡ್ದೆ. ಮೊದಲು ಲೈ ಮಾಡಿದ್ರು. ಆಮೇಲೆ ಹೇಳಿದ್ರು. ಅಮ್ಮಂಗೆ ಹೇಳ್ಬೇಡ, ಅವಳಿಗೆ ಅಟ್ಯಾಕ್ ಬರುತ್ತೆ, ನೀನು ಬಿಗ್ ಗರ್ಲ್ ಅಂತ ಪ್ರಾಮಿಸ್ ತಗೊಂಡ್ರು." ಖಾಲಿ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿದಳು. "ನಾನು ಆನ್‌ಲೈನ್ ನೋಡ್ದೆ ಅಮ್ಮಾ. ಹತ್ತು ಸೈಟ್ ನೋಡ್ದೆ. ಅರ್ಧ ಜನ ವಾಪಸ್ ಬರ್ತಾರೆ ಅಂತಿದೆ. ಓನ್ಲಿ ಅರ್ಧ."

ಮಂಗಳವಾರದ ಸಂಜೆಯಿಂದ ಬುಧವಾರದ ಸಂಜೆಯವರೆಗೆ ಈ ಮಗು ಆ ಅರ್ಧವನ್ನು ಎದೆಯೊಳಗೆ ಇಟ್ಟುಕೊಂಡು ತಾಯಿಯ ಎದುರು ಕೂತು ದೋಸೆ ತಿಂದಿತ್ತು, ಆನ್‌ಲೈನ್ ಕ್ಲಾಸಿಗೆ ಹಾಜರಿ ಕೊಟ್ಟಿತ್ತು, ತನ್ನ ಅಪ್ಪನಲ್ಲದವರ ಜೊತೆ ಆಟ ಆಡಿತ್ತು. ಯಾರು ಕಲಿಸಿದರು ಇದನ್ನೆಲ್ಲ ಇವಳಿಗೆ? ವಿನೋದಿನಿಗೆ ಶಿವರುದ್ರಪ್ಪನ ಮೇಲೆ ಬಂದ ಸಿಟ್ಟು, ಗಂಡನ ಮೇಲೆ ಬಂದ ಸಿಟ್ಟು, ಎಲ್ಲ ತಿರುಗಿ ತನ್ನ ಮೇಲೇ ಬಂದು ಬಿತ್ತು. ಐದು ನಿಮಿಷದ ಹಿಂದೆ ಕಾರಿನ ಕನ್ನಡಿಯಲ್ಲಿ ತಾನು ಮಾಡುತ್ತಿದ್ದದ್ದು ಇದೇ ಅಲ್ಲವೇ? ಅವಳು ಮಗಳನ್ನು ಬಾಚಿ ತಬ್ಬಿಕೊಂಡಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತರು.

ಗುರುವಾರ ಬೆಳಿಗ್ಗೆ ಶಿವರುದ್ರಪ್ಪ ಆಸ್ಪತ್ರೆಯ ಕಾಗದದಲ್ಲಿ ತನ್ನ ಹೆಸರು ತೆಗೆಸಿ ಅವಳ ಹೆಸರು ಬರೆಸಿದ. ಡಾಕ್ಟರ್ ಸ್ಯೂ ಲಿನ್‌ಗೆ ಒಂದೇ ಮಾತು ತಲುಪಿಸಲು ವಿನೋದಿನಿ ಅವನಿಗೆ ಹೇಳಿದಳು: ಇನ್ನು ಆಡಬೇಡಿ, ಆ ಹತ್ತು ನಿಮಿಷ ನಮಗೆ ಫೋನ್ ಮಾಡಿ ನಿಜ ಹೇಳಿ.

ಆ ದಿನ ಸಂಜೆಯಾಗುವುದೇ ಇಲ್ಲವೇನೋ ಅನ್ನಿಸಿತು. ಎರಡು ಸಲ ಬೇರೆ ಯಾರದೋ ಫೋನ್ ಬಂದಾಗ ಇಬ್ಬರೂ ಒಟ್ಟಿಗೆ ಓಡಿಬಂದರು. ಆರು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಗಾಲ್ವೇಯ ನಂಬರ್ ಬಂತು. ವಿನೋದಿನಿ ಎತ್ತಿ ಕಿವಿಗಿಟ್ಟುಕೊಂಡಳು.

ಮೆತ್ತಗಿನ, ದಣಿದ ಹೆಣ್ಣುದನಿ. "ನಾನು ಸ್ಯೂ ಲಿನ್. ಮೊದಲು ಕ್ಷಮೆ ಕೇಳಬೇಕು. ತಪ್ಪು ತಪ್ಪಾಗಿ ಬರೆಯಲು ನೋಡಿದೆ. ಚಿಕ್ಕಂದಿನಲ್ಲಿ ಅಜ್ಜಿ ಬೆರಳಿಗೆ ಹೊಡೆದು ಕಲಿಸಿದ್ದು, ಕೈ ಮಾತು ಕೇಳಲಿಲ್ಲ." ಅವರು ಉಸಿರೆಳೆದುಕೊಂಡರು. "ಮಿಸೆಸ್ ಹೇಮಚಂದ್ರ, ನಿಮಗೆ ನಿಜ ಬೇಕು ಅಂತ ಹೇಳಿ ಕಳಿಸಿದ್ದೀರಿ. ಇವತ್ತು ನಿನ್ನೆಗಿಂತ ಚೆನ್ನಾಗಿಲ್ಲ. ಇದನ್ನು ಕೇಳುವಾಗ ನೀವೊಬ್ಬರೇ ಇದ್ದರೆ ಒಳ್ಳೆಯದೇನೋ."

ಮೇಜಿನ ಆ ಕಡೆ ಪ್ರೇರಣಾ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಮೇಲೆ ಹೋಗು ಪುಟ್ಟಿ ಎಂಬ ಮಾತು ವಿನೋದಿನಿಯ ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ ಡಾಕ್ಟರ್, ನಾವು ಇಬ್ಬರಿದ್ದೇವೆ" ಎಂದು ಅವಳು ಸ್ಪೀಕರ್ ಒತ್ತಿದಳು.

ಸ್ಯೂ ಲಿನ್ ಒಂದೂ ಬಿಡದೆ ಹೇಳಿದರು. ಆಕ್ಸಿಜನ್ ಎಷ್ಟು ಕೊಡುತ್ತಿದ್ದೇವೆ, ಹೊಟ್ಟೆಯ ಮೇಲೆ ಮಲಗಿಸಿದಾಗ ಎಷ್ಟು ಏರಿತು, ಕಿಡ್ನಿಯ ಬಗ್ಗೆ ಯಾಕೆ ಚಿಂತೆಯಿದೆ, ಯಾವುದು ತಮಗೂ ಗೊತ್ತಿಲ್ಲ ಎಂಬುದೆಲ್ಲ. ನಾಲ್ಕು ನಿಮಿಷ. ಪ್ರೇರಣಾ ಎರಡು ಪ್ರಶ್ನೆ ಕೇಳಿದಳು, ಅದಕ್ಕೂ ದೊಡ್ಡವರಿಗೆ ಹೇಳುವಂತೆಯೇ ಉತ್ತರ ಕೊಟ್ಟರು. ಆಮೇಲೆ "ಫೋನನ್ನು ಈಗ ಅವರ ಕಿವಿಯ ಹತ್ತಿರ ಹಿಡಿಯುತ್ತೇನೆ. ಕೇಳಿಸುತ್ತದೋ ಇಲ್ಲವೋ ನಾನು ಹೇಳಲಾರೆ" ಎಂದರು.

ಯಂತ್ರದ ಸದ್ದು ಕೇಳಿಸಿತು. ಎಳೆಯುವುದು, ಬಿಡುವುದು. ಅದು ಅವನ ಉಸಿರಲ್ಲ, ಆದರೂ ಅವನೊಳಗೆ ಹೋಗಿ ಬರುತ್ತಿದ್ದ ಉಸಿರು. ವಿನೋದಿನಿ ಮಗಳ ಕೈಯನ್ನು ಎಳೆದು ಹಿಡಿದುಕೊಂಡಳು. ಏನು ಹೇಳಬೇಕೆಂದು ಅವಳು ಹಗಲೆಲ್ಲ ಯೋಚಿಸಿದ್ದಳು: ನಾವು ಆರಾಮಾಗಿದ್ದೀವಿ, ನೀವು ಚಿಂತೆ ಮಾಡಬೇಡಿ, ಇಲ್ಲಿ ಎಲ್ಲ ಕ್ಷೇಮ. ಬಾಯಿ ತೆರೆದರೆ ಅದೊಂದೂ ಬರಲಿಲ್ಲ.

"ರೀ," ಎಂದಳು, "ಇಲ್ಲಿ ಏನೂ ಚೆನ್ನಾಗಿಲ್ಲ. ನಂಗೆ ಹೆದರಿಕೆ ಆಗ್ತಿದೆ. ಮಗೂಗೂ ಹೆದರಿಕೆ ಆಗ್ತಿದೆ. ಕೇಳ್ತಿದೆಯಾ? ನಮ್ಮಿಬ್ಬರಿಗೂ ತುಂಬಾ ಹೆದರಿಕೆ ಆಗ್ತಿದೆ ಕಣ್ರೀ."